ಕರಣೆ ಕೆರೆದವರು

ಅರ್ಜಿಯ ಹನ್ನೊಂದನೆಯ ಪುಟದಲ್ಲಿ ‘ಸಲಹೆಗಾರರ ವಿದ್ಯಾರ್ಹತೆ’ ಎಂಬ ಖಾನೆಯಿತ್ತು. ನಾನು ಅದರಲ್ಲಿ ‘ನಾಲ್ಕನೇ ಕ್ಲಾಸು, ಮದ್ದಳೆ ಕಟ್ಟುವುದರಲ್ಲಿ ಅರವತ್ತು ವರ್ಷದ ಅನುಭವ’ ಎಂದು ಬರೆದು ಕಳಿಸಿದೆ. ಮೂರು ವಾರಕ್ಕೆ ಅರ್ಜಿ ವಾಪಸ್ ಬಂತು. ಖಾನೆಯ ಸುತ್ತ ಕೆಂಪು ಗೆರೆ, ಪಕ್ಕದಲ್ಲಿ ಪ್ರಶ್ನಾರ್ಥಕ ಚಿಹ್ನೆ. ಕೆಳಗೆ ಒಂದು ಸಾಲು: ಸ್ನಾತಕೋತ್ತರ ಪದವಿ ಇಲ್ಲದವರನ್ನು ಸಲಹೆಗಾರರೆಂದು ತೋರಿಸುವಂತಿಲ್ಲ, ಬೇಕಿದ್ದರೆ ‘ಕುಶಲ ಕಾರ್ಮಿಕ’ ಎಂದು ದಿನಗೂಲಿಯಲ್ಲಿ ತೋರಿಸಬಹುದು.

ಮೈಯೆಲ್ಲ ಉರಿಯಿತು. ಆದರೂ ತಿದ್ದಿ ಕಳಿಸಿದೆ. ಮುಂದೆ ನಾನು ಯಾರ ಯಾರ ಮೇಲೋ ಕೂಗಾಡಿದ್ದೇನೆ, ಆದರೆ ಆ ತಿದ್ದುಪಡಿ ನನ್ನ ಕೈಬರಹದಲ್ಲೇ ಇದೆ.

ನಾನು ಮುಂಬೈ ಪಕ್ಕದ ಡೊಂಬಿವಿಲಿಯ ಒಂದು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವಳು. ನಮ್ಮ ಪ್ರಯೋಗಾಲಯದಲ್ಲಿ ಶ್ರುತಿಕವೆಗಳಿಗೂ ತುಕ್ಕು ಹಿಡಿದಿದೆ. ಹೀಗಿರುವಾಗ ಸಂಗೀತ ಪರಂಪರೆಯ ಸಂರಕ್ಷಣೆಗೆ ಮತ್ತು ವಾದ್ಯಗಳ ನಾದವಿಜ್ಞಾನಕ್ಕೆ ಸಂಶೋಧನಾ ಧನ ಕೊಡುತ್ತೇವೆ ಎಂಬ ಸರಕಾರಿ ಪ್ರಕಟಣೆ ಬಂದಾಗ ನನಗೆ ಮೊದಲು ನೆನಪಾದದ್ದು ಠಾಣೆ ಊರಿನ ಪಕ್ಕದ ಕಳವಾ ಎಂಬಲ್ಲಿರುವ ಅಣ್ಣ. ಸಂಬಂಧದಲ್ಲಿ ಅಣ್ಣನಲ್ಲ. ಈಗ ಎಂಬತ್ತರ ಹತ್ತಿರದವರು, ಉಡುಪಿ ಕಡೆಯಿಂದ ಬಂದು ರೈಲ್ವೆ ಕಾರ್‌ಶೆಡ್ಡಿನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ಇಲ್ಲಿಯ ಯಕ್ಷಗಾನ ಮಂಡಳಿಗಳ ಮದ್ದಳೆಗಳಿಗೆಲ್ಲ ಅವರೇ ವೈದ್ಯರು. ಠಾಣೆಯಲ್ಲಿ ನನ್ನ ಅಪ್ಪನಿಗೆ ಒಂದು ಸಸ್ಯಾಹಾರಿ ಹೋಟೆಲ್ ಇತ್ತು. ಅದರ ಮಾಳಿಗೆಯಲ್ಲಿ ರಜಾದಿನ ಮಂಡಳಿಯವರ ಅಭ್ಯಾಸ ನಡೆಯುತ್ತಿತ್ತು. ಅಣ್ಣ ಶಿಫ್ಟ್ ಮುಗಿಸಿ, ಸರಿಮಾಡಿದ ಮದ್ದಳೆಯನ್ನು ಹೆಗಲಿಗೆ ಹಾಕಿಕೊಂಡು ಲೋಕಲ್‌ನಲ್ಲಿ ಬರುತ್ತಿದ್ದರು. ಎಲ್ಲರಿಗೂ ಚಹಾ ಸ್ಟೀಲ್ ಲೋಟದಲ್ಲಿ. ಅವರಿಗೆ ಮಾತ್ರ ಹಿಂಬಾಗಿಲಲ್ಲಿ, ಬೇರೆ ಇಟ್ಟ ಒಂದು ಗಾಜಿನ ಲೋಟದಲ್ಲಿ. ಚರ್ಮ ಮುಟ್ಟುವವರು ಎಂದು. ಆ ಲೋಟವನ್ನು ಎಷ್ಟೋ ಸಲ ನಾನೇ ಕೊಂಡುಹೋಗಿ ಕೊಟ್ಟಿದ್ದೇನೆ. ಅವರು ಕಟ್ಟಿದ ಮದ್ದಳೆಯ ನಾದಕ್ಕೆ ತಲೆದೂಗುತ್ತಿದ್ದ ಅಪ್ಪನೇ ಆ ಲೋಟವನ್ನು ಬೇರೆ ಇಡಿಸಿದ್ದು.

ಮದ್ದಳೆಯ ಬಲಮುಖದ ನಡುವೆ ಒಂದು ಕಪ್ಪು ವೃತ್ತವಿರುತ್ತದೆ. ಅದೇ ಕರಣೆ. ಕಬ್ಬಿಣದ ಕಿಟ್ಟವನ್ನು ಹಿಟ್ಟಿನಂತೆ ಪುಡಿಮಾಡಿ, ಅರೆದ ಅನ್ನದಲ್ಲಿ ಕಲಸಿ, ಚರ್ಮದ ಮೇಲೆ ತೆಳುವಾಗಿ ಹಚ್ಚಿ, ನುಣುಪಾದ ಕಲ್ಲಿನಿಂದ ತಿಕ್ಕಬೇಕು. ಒಂದು ಪದರ ಒಣಗಿದ ಮೇಲೆ ಇನ್ನೊಂದು. ಬರೀ ಚರ್ಮಕ್ಕೆ ಬಡಿದರೆ ಅದರಿಂದ ಏಳುವ ನಾದಗಳು ಒಂದಕ್ಕೊಂದು ಹೊಂದುವುದಿಲ್ಲ, ಡಬ್ಬ ಬಡಿದ ಹಾಗಿರುತ್ತದೆ. ಕರಣೆ ಸರಿಯಾಗಿ ಕೂತರೆ ಅವೇ ನಾದಗಳು ಸಾಲಾಗಿ ನಿಂತು ಶ್ರುತಿ ಹುಟ್ಟುತ್ತದೆ. ಪ್ರತಿ ಪದರಕ್ಕೂ ನಾದ ಹೇಗೆ ಬದಲಾಗುತ್ತದೆ ಎಂದು ಅಳೆಯುವುದು ನನ್ನ ಯೋಜನೆ.

ಅರ್ಜಿಯ ವಿಷಯ ಹೇಳಲು ಹೋದಾಗ ಅಣ್ಣ ನಕ್ಕಿದ್ದರು. ನಮ್ಮ ಮಾತು ಅರ್ಧ ತುಳು, ಅರ್ಧ ಕನ್ನಡ.

“ಇದಕ್ಕೂ ಸರಕಾರ ದುಡ್ಡು ಕೊಡ್ತದಾ ಅಕ್ಕ?” ನನಗಿಂತ ಇಪ್ಪತ್ತೈದು ವರ್ಷ ದೊಡ್ಡವರಾದರೂ ಹೋಟೆಲಿನ ಕಾಲದಿಂದ ನನ್ನನ್ನು ಕರೆಯುವುದು ಹಾಗೆಯೇ. “ಮಂಡಳಿಯವರೇ ಸರಿಯಾಗಿ ಕೊಡುದಿಲ್ಲ.”

“ಕೊಡ್ತದೆ ಅಣ್ಣ. ನೀವು ಮಾಡುದನ್ನು ನಾವು ಬರ್ದು ಇಡುದು.”

“ಬರಿಯಿರಿ. ನನ್ನ ಮಗಳಿಗೆ ಕನ್ನಡ ಓದ್ಲಿಕ್ಕೆ ಬರುದಿಲ್ಲ, ಅವಳಿಗೂ ತಿಳಿಯುವ ಹಾಗೆ ಬರಿಯಿರಿ.”

ಮಗಳು ಠಾಣೆಯಲ್ಲಿ ರಕ್ತಪರೀಕ್ಷೆಯ ಲ್ಯಾಬ್ ಒಂದರಲ್ಲಿ ಕೆಲಸ ಮಾಡುತ್ತಾಳೆ. ಕನ್ನಡ, ತುಳು ಎಲ್ಲ ಅರ್ಥವಾಗುತ್ತದೆ, ಉತ್ತರ ಮಾತ್ರ ಹಿಂದಿಯಲ್ಲಿ. ಅವಳು ಆಗಲೇ ಕೇಳಿದ್ದಳು: “ಆಂಟಿ, ಇಸ್ ಮೇ ಬಾಬಾ ಕೋ ಕ್ಯಾ ಮಿಲೇಗಾ?” ಅಪ್ಪನಿಗೆ ಏನು ಸಿಗುತ್ತದೆ ಎಂದು. ಹೆಸರು ಬರುತ್ತದೆ ಎಂದಿದ್ದೆ.

ಧನ ಮಂಜೂರಾಯಿತು. ಆದರೆ ನಮ್ಮಂಥ ಕಾಲೇಜಿಗೆ ನೇರವಾಗಿ ಕೊಡುವುದಿಲ್ಲವಂತೆ, ಒಂದು ದೊಡ್ಡ ಸಂಸ್ಥೆಯ ಮೂಲಕವೇ ಬರಬೇಕಂತೆ. ಹೀಗೆ ನಾವು ನವಿ ಮುಂಬೈಯ ಒಂದು ಸಂಸ್ಥೆಯ ಅಡಿಗೆ ಬಂದೆವು. ಅಲ್ಲಿಯ ನಿರ್ದೇಶಕರು ಬೆಂಗಳೂರಿನ ಕಡೆಯವರು. ಮೊದಲ ಭೇಟಿಯಲ್ಲಿ, “ಕನ್ನಡದವರು ಅಂತ ಗೊತ್ತಾಗಿ ತುಂಬ ಖುಷಿಯಾಯ್ತು ಮೇಡಂ, ನಮ್ಮ ಕಲೆ ಉಳಿಸೋಣ,” ಎಂದು ಕಾಫಿ ತರಿಸಿದ್ದರು.

ಮೊದಲ ಐದು ತಿಂಗಳು ನನ್ನ ಕೆಲಸದ ಬದುಕಿನಲ್ಲೇ ಒಳ್ಳೆಯ ತಿಂಗಳುಗಳು. ಅಣ್ಣನ ಕೋಣೆ ರೈಲುಹಳಿಗೆ ಹತ್ತಿರ. ಒಂದು ಲೋಕಲ್ ಹೋಗಿ ಇನ್ನೊಂದು ಬರುವ ನಡುವೆ ಸಿಗುವ ಮೌನದಲ್ಲಿ ಮೈಕ್ ಹಿಡಿದು ಅಳೆಯಬೇಕಿತ್ತು. ಅಣ್ಣನಿಗೆ ಹಳಿಯ ಸದ್ದಿನಿಂದಲೇ ಗೊತ್ತಾಗುತ್ತಿತ್ತು: “ಈಗ ಬೇಡ, ಫಾಸ್ಟ್ ಬರ್ತಾ ಉಂಟು.” ಒಂದು ದಿನ ಏಳನೆಯ ಪದರ ಒಣಗಿದಾಗ ಬೆರಳಿನಿಂದ ತಟ್ಟಿ, “ಇದು ಜ್ವರ ಬಂದವರ ಹಾಗೆ ಮಾತಾಡ್ತದೆ,” ಎಂದರು. ನನ್ನ ಕಿವಿಗೆ ಏನೂ ತಿಳಿಯಲಿಲ್ಲ. ಮನೆಗೆ ಬಂದು ಕಂಪ್ಯೂಟರಿನಲ್ಲಿ ನೋಡಿದರೆ ಎರಡನೆಯ ನಾದ ಕೂದಲೆಳೆಯಷ್ಟು ಮೇಲೆ ಹೋಗಿತ್ತು. ಮರುದಿನ ಅವರು ಅಂಚಿನಲ್ಲಿ ಮಾತ್ರ ಸ್ವಲ್ಪ ತಿಕ್ಕಿದರು, ಅದು ಜಾಗಕ್ಕೆ ಬಂತು. ನಾನು ಮಕ್ಕಳ ಹಾಗೆ ಚಪ್ಪಾಳೆ ತಟ್ಟಿದ್ದೆ.

ಇದು ಸರಿ, ಇದು ತಪ್ಪು ಎಂದು ಅವರು ಯಾವುದಕ್ಕೆ ಹೋಲಿಸಿ ಹೇಳುತ್ತಾರೆ? ಒಂದು ದಿನ ಕೇಳಿದೆ. ಅವರು ಕಪಾಟಿನ ಮೇಲಿನಿಂದ ಹಳೆಯ ಸೀರೆಯಲ್ಲಿ ಸುತ್ತಿದ ಒಂದು ಮದ್ದಳೆ ಇಳಿಸಿದರು. ಹಲಸಿನ ಮರದ್ದು. ಅವರ ಅಪ್ಪ ಕಟ್ಟಿದ್ದು. ಅದನ್ನು ಯಾರೂ ನುಡಿಸುವುದಿಲ್ಲ. ಹೊಸ ಮದ್ದಳೆಗೆ ಕರಣೆ ಹಾಕುವ ಮೊದಲು ಇದರ ಬಲಮುಖವನ್ನು ಎರಡೇ ಎರಡು ಸಲ ತಟ್ಟಿ ಕೇಳಿ, ಬೆರಳಿನಿಂದ ಅದರ ದಪ್ಪ ಸವರಿ, ಮತ್ತೆ ಸುತ್ತಿ ಇಡುತ್ತಾರೆ. ಚಿನ್ನದ ಅಂಗಡಿಯವರಿಗೆ ಒರೆಗಲ್ಲು ಇದ್ದ ಹಾಗೆ ಅದು. ಅದನ್ನು ನಾನು ಅಳೆಯಲೇಬೇಕಿತ್ತು, ಅದೂ ಸಂಸ್ಥೆಯ ಪ್ರತಿಧ್ವನಿಯಿಲ್ಲದ ಕೋಣೆಯಲ್ಲಿ.

“ಮೂರು ತಿಂಗಳು ಅಣ್ಣ. ನಾನೇ ತಂದು ಕೊಡ್ತೇನೆ.”

“ಕೊಂಡುಹೋಗಿ.”

“ರಸೀದಿ ಬರ್ದು ಕೊಡ್ಲಾ?”

“ನಿಮ್ಮ ಕೈಯಲ್ಲಿ ಕೊಟ್ಟದ್ದಲ್ವಾ? ರಸೀದಿ ಯಾಕೆ?”

ಠಾಣೆಯಿಂದ ವಾಶಿ ಲೋಕಲ್‌ನ ಹೆಂಗಸರ ಡಬ್ಬಿಯಲ್ಲಿ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಹೋದೆ. ಎದುರು ಕೂತ ಹೆಂಗಸು ಮಗುವೇ ಎಂದು ಇಣುಕಿ ನೋಡಿದಳು.

ಅಳತೆ ಮುಗಿಯುವಷ್ಟರಲ್ಲಿ ನನಗೆ ಪರೀಕ್ಷೆಯ ಮೇಲ್ವಿಚಾರಣೆ ಬಂತು. ಮದ್ದಳೆ ಅಲ್ಲಿಯೇ ಉಳಿಯಿತು. ಆ ನಡುವೆ ಯೋಜನೆಯ ಪರಿಶೀಲನಾ ಸಭೆ ನಡೆಯಿತು. ಸಮಿತಿಯ ಒಬ್ಬರು, “ಹಳೆಯ ಕರಣೆಯ ರಾಸಾಯನಿಕ ವಿಶ್ಲೇಷಣೆ ಮಾಡಿಸಿಲ್ಲವೇಕೆ? ಅದಕ್ಕೆಂದು ದುಡ್ಡು ಕೊಟ್ಟಿದ್ದೆವಲ್ಲ?” ಎಂದು ಕೇಳಿದರು. ಕೆರೆದರೆ ಅದು ಹಾಳಾಗುತ್ತದೆ, ಹೊಸ ಕರಣೆಯ ಮಾದರಿ ಕೊಡುತ್ತೇವೆ ಎಂದು ನಾನು ಹೇಳಿದೆ. ನಿರ್ದೇಶಕರು ತಲೆಯಾಡಿಸಿದರು. ನಾನು ಒಪ್ಪಿದರು ಎಂದುಕೊಂಡೆ.

ಏಪ್ರಿಲಿನ ಮೊದಲ ವಾರ ಮದ್ದಳೆ ವಾಪಸ್ ತರಲು ಹೋದೆ. ಅದು ಪ್ರಯೋಗಾಲಯದಲ್ಲಿ ಇರಲಿಲ್ಲ. ಸಹಾಯಕ ನನ್ನ ಮುಖ ನೋಡದೆ ಸ್ಟೋರಿನ ಕಡೆ ಕೈ ತೋರಿಸಿದ. ಕೆಟ್ಟುಹೋದ ಕುರ್ಚಿಗಳು, ಮುರಿದ ಮಾನಿಟರುಗಳ ನಡುವೆ ಅದು ಎಡಮುಖ ನೆಲಕ್ಕೆ ಊರಿ ನಿಂತಿತ್ತು. ಬಲಮುಖದಲ್ಲಿ ಕರಣೆ ಇದ್ದ ಜಾಗ ಖಾಲಿ. ಚಾಕುವಿನಿಂದ ಚರ್ಮದ ಸಮೇತ ದುಂಡಗೆ ಕೊಯ್ದು ತೆಗೆದಿದ್ದರು. ಒಳಗಿನ ಕತ್ತಲು ಕಾಣುತ್ತಿತ್ತು. ಹಲಸಿನ ಮೈಯ ಮೇಲೆ, ಅಣ್ಣನ ಅಪ್ಪ ಉಳಿ ಹಿಡಿದು ನುಣುಪು ಮಾಡಿದ್ದ ಕಡೆ, ಬಿಳಿ ಪೇಂಟಿನಲ್ಲಿ ಸಂಸ್ಥೆಯ ಆಸ್ತಿಯ ನಂಬರು.

ನಾನು ಅದನ್ನು ಮುಟ್ಟಲಿಲ್ಲ. ನೇರ ನಿರ್ದೇಶಕರ ಕೋಣೆಗೆ ನುಗ್ಗಿದೆ.

“ಯಾರು ಕೊಯ್ದದ್ದು ಅದನ್ನು?”

“ಕೂತ್ಕೊಳ್ಳಿ ಮೇಡಂ, ನೀರು ಕುಡೀರಿ.”

“ಯಾರು ಕೊಯ್ದದ್ದು?”

“ನೋಡಿ, ಮಾರ್ಚ್ ಎಂಡ್. ವಿಶ್ಲೇಷಣೆಯ ದುಡ್ಡು ಖರ್ಚಾಗಿರ್ಲಿಲ್ಲ. ಮೂವತ್ತೊಂದರೊಳಗೆ ಬಿಲ್ ಆಗದಿದ್ರೆ ವಾಪಸ್ ಹೋಗುತ್ತೆ, ಮುಂದಿನ ವರ್ಷದ ಕಂತೂ ನಿಂತುಹೋಗುತ್ತೆ. ಮೆಷಿನ್ ಸ್ಲಾಟ್ ಸಿಕ್ತು. ನಿಮಗೆ ಫೋನ್ ಮಾಡ್ಸಿದ್ವಿ, ನೀವು ಎಕ್ಸಾಮ್ ಡ್ಯೂಟೀಲಿದ್ರಿ.”

“ಹೊಸ ಕರಣೆಯ ಮಾದರಿ ಕೊಡ್ತೇನೆ ಅಂತ ಹೇಳಿರ್ಲಿಲ್ವಾ?”

“ಅದು ಬರೋದು ಯಾವಾಗ? ಮೇಡಂ, ಸ್ವಲ್ಪ ಪ್ರಾಕ್ಟಿಕಲ್ ಆಗಿ ಯೋಚ್ನೆ ಮಾಡಿ. ಅದರ ನಾದ ಪೂರ್ತಿ ನಮ್ಮ ಹತ್ರ ರೆಕಾರ್ಡ್ ಆಗಿದೆ, ಅತ್ಯಂತ ಒಳ್ಳೇ ಕ್ವಾಲಿಟಿ. ಪ್ರಿಸರ್ವ್ ಆಗಿದೆ ಅಂತ್ಲೇ ಅರ್ಥ.”

“ಮತ್ತೆ ಆ ನಂಬರು?”

“ಆಡಿಟ್‌ನವರು ಬಂದಾಗ ಲ್ಯಾಬಲ್ಲಿ ನಂಬರ್ ಇಲ್ಲದ ಸಾಮಾನು ಇರೋ ಹಾಗಿಲ್ಲ. ಹುಡುಗರು ಹಾಕಿದಾರೆ. ಅದಕ್ಯಾಕೆ ಇಷ್ಟು ಕೋಪ?”

ನನ್ನ ಧ್ವನಿ ಕಾರಿಡಾರಿನ ಆ ತುದಿಗೂ ಕೇಳಿಸಿತಂತೆ. ಏನೆಂದು ಕೂಗಿದೆನೋ ಪೂರ್ತಿ ನೆನಪಿಲ್ಲ. ಅಷ್ಟು ವರ್ಷ ಯಾವ ವಿದ್ಯಾರ್ಥಿಗೂ ಬಳಸದ ಒಂದು ತುಳು ಬೈಗುಳ ಬಾಯಿಂದ ಬಂದದ್ದು ನೆನಪಿದೆ. ಅವರಿಗೆ ಅರ್ಥವಾಗಲಿಲ್ಲ. ಪರಂಪರೆಯನ್ನು ಉಳಿಸಲೆಂದು ಬಂದ ದುಡ್ಡು. ಅದು ವಾಪಸ್ ಹೋಗಬಾರದೆಂದು ಪರಂಪರೆಯನ್ನೇ ಕೊಯ್ದು ಲಕೋಟೆಯಲ್ಲಿ ಹಾಕಿ ಕಳಿಸಿದ್ದರು. ವರದಿಯಲ್ಲಿ ಏನು ಬಂತು ಗೊತ್ತೇ? ಕಬ್ಬಿಣ ಇದೆ ಎಂದು ಬಂತು. ಪಿಷ್ಟ ಇದೆ ಎಂದು ಬಂತು. ಕಿಟ್ಟ ಮತ್ತು ಅನ್ನ. ಅಣ್ಣನನ್ನು ಕೇಳಿದ್ದರೆ ಚಹಾ ಕುಡಿಯುತ್ತ ಹೇಳುತ್ತಿದ್ದರು.

ಮದ್ದಳೆಯನ್ನು ಎತ್ತಿಕೊಂಡು ಹೊರಟೆ. ಗೇಟಿನಲ್ಲಿ ಸೆಕ್ಯುರಿಟಿಯವರು ತಡೆದರು. ಸ್ಟೋರ್ ಕೀಪರ್ ಓಡಿಬಂದ, ಒಳ್ಳೆಯ ಮನುಷ್ಯ. “ಮ್ಯಾಡಮ್, ಮೀ ಕಾಯ್ ಕರೂ? ನಂಬರ್ ಪಡ್ಲಾ, ಆತಾ ಸಾಮಾನ್ ಸಂಸ್ಥೇಚಂ.” ನಾನೇನು ಮಾಡಲಿ, ನಂಬರು ಬಿದ್ದ ಮೇಲೆ ಅದು ಸಂಸ್ಥೆಯದ್ದು ಎಂದ. ಮದ್ದಳೆಗೆ ಸುತ್ತಿದ್ದ ಸೀರೆ ಮಾತ್ರ ನನಗೆ ಕೊಟ್ಟ. ಅದಕ್ಕೆ ನಂಬರು ಇರಲಿಲ್ಲ.

ಕಳವಾಕ್ಕೆ ಹೋಗಲು ಎಂಟು ದಿನ ಧೈರ್ಯ ಬರಲಿಲ್ಲ. ಒಂಬತ್ತನೆಯ ದಿನ ಆ ಸೀರೆಯನ್ನು ಮಡಚಿ ಬ್ಯಾಗಿನಲ್ಲಿ ಇಟ್ಟುಕೊಂಡು ಹೋದೆ. ಅಣ್ಣ ಬಾಗಿಲಲ್ಲೇ ಕೂತು ಬಾರು ಎಳೆಯುತ್ತಿದ್ದರು. ಸೀರೆ ನೋಡಿದರು, ನನ್ನ ಖಾಲಿ ಕೈ ನೋಡಿದರು. ನಾನು ನಿಂತುಕೊಂಡೇ ಎಲ್ಲ ಹೇಳಿದೆ. ಕೊಯ್ದದ್ದು, ನಂಬರು, ಮಾರ್ಚ್ ಎಂಡ್. ರೆಕಾರ್ಡ್ ಇದೆ ಎಂದೂ ಹೇಳಿಬಿಟ್ಟೆ. ಯಾಕೆ ಹೇಳಿದೆನೋ.

ಅವರು ಎದ್ದು ನಿಂತರು. ಅಷ್ಟು ಎತ್ತರದವರು ಎಂದು ನನಗೆ ಅಲ್ಲಿವರೆಗೆ ಗೊತ್ತೇ ಇರಲಿಲ್ಲ.

“ರೆಕಾರ್ಡನ್ನು ಬೆರಳಿಂದ ಮುಟ್ಲಿಕ್ಕೆ ಆಗ್ತದಾ ಮೇಡಂ?”

ಅಕ್ಕ ಎನ್ನಲಿಲ್ಲ.

“ಅದರ ದಪ್ಪ ನಡುವಲ್ಲಿ ಎಷ್ಟು, ಅಂಚಲ್ಲಿ ಎಷ್ಟು, ನನ್ನ ಈ ಬೆರಳು ಅದರಿಂದ ಕಲ್ತದ್ದು. ನನ್ನ ಅಪ್ಪ ಸತ್ತ ಮೇಲೆ ನನಗೆ ಕಲ್ಸಿದ್ದು ಅದು. ನಿಮ್ಮನ್ನು ನಂಬಿ ಕೊಟ್ಟೆ. ಆ ಆಫೀಸಿನವರನ್ನು ನಂಬಿ ಕೊಟ್ಟದ್ದಾ ನಾನು? ಅವರು ಯಾರು ನನಗೆ? ನಿಮ್ಮ ಕೈಯಲ್ಲಿ ಕೊಟ್ಟದ್ದು. ನಿಮ್ಮ ಹೋಟೆಲಿನ ಹಿಂದೆ ನಿಂತು ಚಹಾ ಕುಡಿದದ್ದು ಮರ್ತು ಕೊಟ್ಟದ್ದು!”

ಅಕ್ಕಪಕ್ಕದವರು ಬಾಗಿಲಿಗೆ ಬಂದು ನೋಡುತ್ತಿದ್ದರು. ಮಗಳು ಒಳಗಿನಿಂದ ಬಂದು ಅಪ್ಪನ ತೋಳು ಹಿಡಿದು, ನನ್ನ ಕಡೆ ತಿರುಗಿ, “ಅಬ್ ಆಪ್ ಜಾಯಿಯೇ ಆಂಟಿ,” ಎಂದಳು. ಹೋಗಿ ಎಂದ ಮೇಲೆ ನಾನು ಹೊರಟೆ. ಕಳವಾ ಸ್ಟೇಷನ್ನಿನ ಬೆಂಚಿನಲ್ಲಿ ಕೂತು ನಾಲ್ಕೋ ಐದೋ ಲೋಕಲ್ ಬಿಟ್ಟೆ.

ಮುಂದಿನ ತಿಂಗಳುಗಳಲ್ಲಿ ಆ ಖಾಲಿ ಹೊಳವನ್ನಾದರೂ, ಮರದ ಮೈಯನ್ನಾದರೂ ಬಿಡಿಸಿಕೊಳ್ಳಬೇಕೆಂದು ಕಾಗದದ ಮೇಲೆ ಕಾಗದ ಬರೆದೆ. ಒಮ್ಮೆ ಉತ್ತರ ಬಂತು: ವಸ್ತುವು ಖಾಸಗಿಯವರದ್ದು ಎಂಬುದಕ್ಕೆ ಖರೀದಿಯ ರಸೀದಿ ಲಗತ್ತಿಸಿ. ಅಣ್ಣನ ಅಪ್ಪ ಯಾವ ರಸೀದಿ ಕೊಡಬೇಕಿತ್ತು, ಹಲಸಿನ ಮರದ್ದೇ? ನಮ್ಮ ಪ್ರಿನ್ಸಿಪಾಲರು ಕರೆದು, “ಒಂದು ಡ್ರಮ್ಮಿಗಾಗಿ ಕಾಲೇಜಿನ ಹೆಸರು ಕೆಡಿಸಬೇಡಿ, ಯೋಜನೆಯಿಂದ ನಮಗೆ ಮೌಲ್ಯಮಾಪನದಲ್ಲಿ ಅಂಕ ಬರುತ್ತದೆ,” ಎಂದರು. ಯಕ್ಷಗಾನ ಮಂಡಳಿಯ ಪದಾಧಿಕಾರಿಗಳಿಗೆ ಹೇಳಿದೆ. ಒಬ್ಬರು, “ಚರ್ಮದ ಮುಚ್ಚಿಗೆ ಹೊಸತು ಹಾಕಿದ್ರೆ ಆಯ್ತಲ್ಲ ಮಾರಾಯ್ರೆ,” ಎಂದರು. ಅವರ ಮಂಡಳಿಯ ಮದ್ದಳೆ ಶ್ರುತಿಗೆ ಕೂರುವುದು ಯಾರಿಂದ ಎಂದು ಅವರಿಗೆ ಗೊತ್ತಿಲ್ಲವೇ? ಗೊತ್ತಿತ್ತು.

ಮಳೆಗಾಲ ಕಳೆದ ಮೇಲೆ ಸಂಸ್ಥೆಯಲ್ಲಿ ಯೋಜನೆಯ ಮೊದಲ ಹಂತದ ಸಮಾರೋಪ. ದೊಡ್ಡ ಸಭಾಂಗಣ, ಧನ ಕೊಟ್ಟವರ ಕಡೆಯ ಅಧಿಕಾರಿಗಳು, ಹೂಗುಚ್ಛ. ನಿರ್ದೇಶಕರು ಪರದೆಯ ಮೇಲೆ ಚಿತ್ರಗಳನ್ನು ತೋರಿಸುತ್ತ ಹೋದರು. ಒಂದರಲ್ಲಿ ಎರಡು ಕೈಗಳು ಕಲ್ಲಿನಿಂದ ಕರಣೆ ತಿಕ್ಕುತ್ತಿದ್ದವು. ಅಣ್ಣನ ಕೈಗಳು, ನಾನೇ ತೆಗೆದ ಫೋಟೋ. ಮುಖವನ್ನು ಕತ್ತರಿಸಿದ್ದರು. ಕೆಳಗೆ ‘ಸಾಂಪ್ರದಾಯಿಕ ವಿಧಾನ’ ಎಂದಿತ್ತು. ಧನ್ಯವಾದದ ಪಟ್ಟಿಯಲ್ಲಿ ಯಂತ್ರ ಸರಬರಾಜು ಮಾಡಿದ ಕಂಪನಿಯೂ ಇತ್ತು, ಅಣ್ಣ ಇರಲಿಲ್ಲ. ನನ್ನ ಹೆಸರು ಎರಡನೆಯದಾಗಿತ್ತು.

ನಾನು ಎದ್ದು ನಿಂತೆ. ಪ್ರಶ್ನೆಗಳ ಸಮಯ ಇನ್ನೂ ಬಂದಿರಲಿಲ್ಲ.

“ಆ ಕೈಗಳು ಯಾರವು ಎಂದು ಹೇಳಿ,” ಎಂದೆ ಇಂಗ್ಲಿಷಿನಲ್ಲಿ. ನಿರ್ದೇಶಕರು ನಕ್ಕು, ಮೇಡಂ ಆಮೇಲೆ ಮಾತಾಡುತ್ತಾರೆ ಎಂದರು. “ಈಗಲೇ ಮಾತಾಡುತ್ತೇನೆ,” ಎಂದು ಮದ್ದಳೆಯ ಕತೆಯನ್ನೆಲ್ಲ ಹೇಳಿದೆ. ಸಂರಕ್ಷಣೆಯ ಯೋಜನೆ ಸಂರಕ್ಷಿಸಬೇಕಾದ ವಸ್ತುವನ್ನೇ ಕೊಯ್ದು ಹಾಕಿದೆ, ಅದು ಈಗ ಇದೇ ಕಟ್ಟಡದ ಸ್ಟೋರಿನಲ್ಲಿ ಮುರಿದ ಕುರ್ಚಿಗಳ ಜೊತೆ ಇದೆ, ಊಟಕ್ಕೆ ಹೋಗುವ ಮೊದಲು ಎಲ್ಲರೂ ಒಮ್ಮೆ ನೋಡಿ ಬನ್ನಿ ಎಂದೆ. ನನ್ನ ಹೆಸರನ್ನು ವರದಿಯಿಂದ ತೆಗೆಯಿರಿ ಎಂದೂ ಹೇಳಿದೆ. ಮೈಕ್ ಬಂದ್ ಮಾಡಿದರು. ಮೂವತ್ತು ವರ್ಷ ಕ್ಲಾಸಿನಲ್ಲಿ ಕೂಗಿದವಳಿಗೆ ಮೈಕ್ ಬೇಕಿರಲಿಲ್ಲ.

ನೋಡಲು ಹೋದವರು ಇಬ್ಬರೇ. ಅಧಿಕಾರಿಗಳಲ್ಲಿ ಒಬ್ಬ ಹೆಂಗಸು ಮತ್ತು ಫೋಟೋ ತೆಗೆಯಲು ಬಂದಿದ್ದವನು. ಉಳಿದವರು ಊಟದ ಸಾಲಿಗೆ ಹೋದರು. ಆ ಹೆಂಗಸು ಸ್ಟೋರಿನಿಂದ ಬಂದು ನಿರ್ದೇಶಕರಿಗೆ ಏನು ಹೇಳಿದರೋ ಗೊತ್ತಿಲ್ಲ. ಹದಿನೈದು ದಿನಕ್ಕೆ ನನಗೊಂದು ಕಾಗದ ಬಂತು: ಸದರಿ ವಸ್ತುವು ನಿರುಪಯುಕ್ತವೆಂದು ದೃಢೀಕರಿಸಿ ಸಹಿ ಮಾಡಿದರೆ ಗೇಟ್ ಪಾಸ್ ಕೊಡಲಾಗುವುದು. ನಿರುಪಯುಕ್ತ! ಆ ಶಬ್ದದ ಕೆಳಗೆ ಸಹಿ ಹಾಕಬೇಕು. ಒಂದು ವಾರ ಹಾಕಲಿಲ್ಲ. ಆಮೇಲೆ ಹಾಕಿದೆ. ಹಾಕದಿದ್ದರೆ ಅದು ಗುಜರಿಗೆ ಹೋಗುತ್ತಿತ್ತು. ಮುಂದಿನ ಎರಡು ವರ್ಷದ ಧನ ಆ ಸಂಸ್ಥೆಗೆ ಮಂಜೂರಾಗಿದೆ ಎಂದು ಆಮೇಲೆ ತಿಳಿಯಿತು. ನಮ್ಮ ಕಾಲೇಜಿನ ಹೆಸರನ್ನು ಅದರಿಂದ ಬಿಟ್ಟಿದ್ದಾರೆ.

ಮದ್ದಳೆ ಹಿಡಿದು ಕಳವಾಕ್ಕೆ ಹೋದ ದಿನ ಬಾಗಿಲು ತೆರೆದದ್ದು ಮಗಳು. ಒಳಗೆ ಕರೆಯಲೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿದಳು. ಅಣ್ಣ ಒಳಗಿನಿಂದ, “ಬಲೆ, ಕುಲ್ಲುಲೆ,” ಎಂದರು. ಬನ್ನಿ, ಕೂತುಕೊಳ್ಳಿ. ಮದ್ದಳೆಯನ್ನು ತೊಡೆಯ ಮೇಲೆ ಇಟ್ಟುಕೊಂಡು ಕೊಯ್ದ ಅಂಚಿನ ಸುತ್ತ ಬೆರಳಾಡಿಸಿದರು. ಹೊಳದ ಒಳಗೆ ಕೈ ಹಾಕಿ ನೋಡಿದರು. ಎಸಿಯ ಗಾಳಿಗೋ ಸ್ಟೋರಿನ ತೇವಕ್ಕೋ ಮರದಲ್ಲಿ ಗೇಣುದ್ದದ ಸಣ್ಣ ಬಿರುಕು ಬಿಟ್ಟಿತ್ತು. ಬಾರು ಬಿಚ್ಚಿ ಹರಿದ ಮುಚ್ಚಿಗೆಯನ್ನು ತೆಗೆದು ಮಗಳ ಕೈಗೆ ಕೊಟ್ಟರು.

ಅಂಚಿನಲ್ಲಿ, ಚಾಕು ತಪ್ಪಿದ ಕಡೆ, ಉಗುರಿನಷ್ಟು ಕರಣೆ ಉಳಿದಿತ್ತು. ಮಗಳು ಅದನ್ನು ದೀಪದ ಕೆಳಗೆ ಹಿಡಿದು ನೋಡಿದಳು, ಹೆಬ್ಬೆರಳು ತೋರುಬೆರಳ ನಡುವೆ ಹಿಡಿದು ದಪ್ಪ ನೋಡಿದಳು, ಕಣ್ಣು ಮುಚ್ಚಿ ಮತ್ತೊಮ್ಮೆ ನೋಡಿದಳು. “ಬಾಬಾ, ಇಧರ್ ಪತಲಾ ಹೈ,” ಎಂದಳು. ಇಲ್ಲಿ ತೆಳ್ಳಗಿದೆ. ಅಣ್ಣ ತಲೆ ಎತ್ತಿ ಅವಳನ್ನೇ ನೋಡಿದರು. ಅಷ್ಟು ವರ್ಷ ಆ ಮನೆಯಲ್ಲಿ ಅವಳು ಕರಣೆ ಮುಟ್ಟಿರಲಿಲ್ಲ, ಅವರೂ ಕರೆದಿರಲಿಲ್ಲ.

ಈಗ ಅವಳು ರಜೆಯ ದಿನ ಕಿಟ್ಟದ ಪುಡಿಯನ್ನು ಜರಡಿ ಹಿಡಿಯುತ್ತಾಳೆ. ಅಣ್ಣನ ಬೆರಳು ಮೊದಲಿನಷ್ಟು ಖಚಿತವಿಲ್ಲ, ಒಂದೊಂದು ಮದ್ದಳೆಗೆ ಮೂರು ಸಲ ಕರಣೆ ತೆಗೆದು ಹಾಕುತ್ತಾರೆ. ಅವರ ಹೆಸರು, ಊರು, ಫೋಟೋ ಎಲ್ಲ ಹಾಕಿ ನಾನೇ ಒಂದು ಲೇಖನ ಬರೆಯುತ್ತೇನೆ ಎಂದಾಗ ಕೈಯಾಡಿಸಿಬಿಟ್ಟರು. “ಹೆಸರು ಬೇಡ ಅಕ್ಕ. ನಾಳೆ ಇನ್ನೊಬ್ಬ ಫಾರಂ ಹಿಡ್ಕೊಂಡು ಬಾಗಿಲಿಗೆ ಬರ್ತಾನೆ.”

ಅಕ್ಕ ಎಂದರು. ನನ್ನ ಸಿಟ್ಟು ಅದರಿಂದ ಇಳಿಯಲಿಲ್ಲ. ಕಳೆದ ಭಾನುವಾರ ನಾನೂ ಒಂದು ಪದರ ತಿಕ್ಕುತ್ತೇನೆ ಎಂದು ಕಲ್ಲು ತೆಗೆದುಕೊಂಡೆ. ಎರಡು ನಿಮಿಷವಾಗಿರಬೇಕು, ಅವರು ನನ್ನ ಕೈಯಿಂದ ಕಲ್ಲು ಕಿತ್ತುಕೊಂಡರು.

“ಇಷ್ಟು ಒತ್ತಿದ್ರೆ ಒಡೀತದೆ. ಯಾರ ಮೇಲೆ ತಿಕ್ಕುದು ನೀವು? ಹೋಗಿ, ಅನ್ನ ಅರೆಯಿರಿ.”

ಮಗಳು ನಕ್ಕಳು. ನಾನು ಒಳಗೆ ಹೋಗಿ ಅನ್ನ ಅರೆಯಲು ಕೂತೆ.